ಗಾಜಿನ ಆಚೆ ಟೀಚರ್

ಶುಕ್ರವಾರ ಸಂಜೆ ಟೀಚರ್ ಕಳಿಸಿದ ಮೆಸೇಜಿನಲ್ಲಿ ಇದ್ದದ್ದು ಇಷ್ಟೇ: 'ಭಾನುವಾರ ಬೆಳಿಗ್ಗೆ ಎಂಟಕ್ಕೆ ಮನೆಗೆ ಬನ್ನಿ. ಕ್ಲಾಸ್ ಇಲ್ಲ.'

ಕ್ಲಾಸ್ ಇಲ್ಲ ಅಂದಮೇಲೆ ಮನೆಗೆ ಯಾಕೆ? ಆ ಎರಡು ಸಾಲುಗಳನ್ನು ಎಷ್ಟು ಸಲ ಓದಿದೆನೆಂದರೆ, ಕಾಯಿಸಲು ಇಟ್ಟಿದ್ದ ಮೇಣ ಕರಗಿ ಯಾರದೋ ಕೆಳದವಡೆಯ ಅಚ್ಚಿನ ಮೇಲೆಲ್ಲ ಹರಿದುಹೋಯಿತು.

ನಾನು ಹಲ್ಲಿನ ಸೆಟ್ ಮಾಡುವವನು. ಡಾಕ್ಟರು ಅಳತೆ ತೆಗೆದು ಕಳಿಸುತ್ತಾರೆ, ನಾನು ಲ್ಯಾಬಿನಲ್ಲಿ ಕೂತು ಒಂದೊಂದೇ ಹಲ್ಲು ಜೋಡಿಸುತ್ತೇನೆ. ಕೂದಲೆಳೆಯಷ್ಟು ಎತ್ತರ ಹೆಚ್ಚಾದರೂ ನನ್ನ ಬೆರಳಿಗೆ ಗೊತ್ತಾಗುತ್ತದೆ. ಅದೇ ಕೈಗೆ ಕಾರಿನ ಗೇರು ಕೊಟ್ಟರೆ ಮಾತ್ರ ಬುದ್ಧಿ ಎಲ್ಲಿಗೋ ಹೋಗುತ್ತದೆ. ಹದಿನಾಲ್ಕು ತಿಂಗಳಿಂದ ಟೀಚರ್ ಹತ್ತಿರ ಡ್ರೈವಿಂಗ್ ಕಲಿಯುತ್ತಿದ್ದೆ. ನಾಲ್ಕು ಸಲ ಟೆಸ್ಟ್ ಕೊಟ್ಟು ನಾಲ್ಕು ಸಲವೂ ಫೇಲಾಗಿದ್ದೆ.

ಬರೀ ಲೈಸೆನ್ಸಿನ ಮಾತಾಗಿದ್ದರೆ ಎರಡನೇ ಸಲಕ್ಕೇ ಕೈ ಮುಗಿದು ಸೈಕಲ್ ಹತ್ತುತ್ತಿದ್ದೆ. ಆದರೆ ಮೊದಲ ತಿಂಗಳಲ್ಲೇ ನಾನೊಂದು ನಿರ್ಧಾರ ಮಾಡಿಕೊಂಡಿದ್ದೆ. ಮನಸ್ಸಿನಲ್ಲಿ ಇರುವುದನ್ನು ಟೀಚರ್‌ಗೆ ಹೇಳುವುದು ಪಾಸಾದ ಮೇಲೆಯೇ. ಯಾರೋ ಒಬ್ಬ ಕಲಿಯಲು ಬಂದವನು ಸ್ಟಿಯರಿಂಗ್ ಹಿಡಿದುಕೊಂಡೇ ಏನೇನೋ ಮಾತಾಡಿದನಂತೆ. ಟೀಚರ್ ತಮ್ಮ ಕಡೆಯ ಬ್ರೇಕ್ ಒತ್ತಿ, ಕಾರನ್ನು ನಡುರಸ್ತೆಯಲ್ಲಿ ನಿಲ್ಲಿಸಿ ಅವನನ್ನು ಇಳಿಸಿದರಂತೆ. "ಅವನು ಹೇಳಿದ್ದಕ್ಕಲ್ಲ ನನಗೆ ಸಿಟ್ಟು ಬಂದಿದ್ದು," ಎಂದಿದ್ದರು. "ನಾನು ಎದ್ದು ಹೋಗೋಕಾಗದ ಜಾಗದಲ್ಲಿ ಹೇಳಿದ್ನಲ್ಲ, ಅದಕ್ಕೆ."

ಆ ಮಾತು ನನಗೆ ಚೆನ್ನಾಗಿ ನಾಟಿತ್ತು. ಪಾಸಾಗಬೇಕು, ಕಾರಿನಿಂದ ಇಳಿಯಬೇಕು, ಆಮೇಲೆ ಹೇಳಬೇಕು. ಪಾಸಾಗುವುದೊಂದೇ ಆಗುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಚಿಕ್ಕಪ್ಪನ ಮಗನ ಮದುವೆಗೆಂದು ಹೊಲಿಸಿದ್ದ ತಿಳಿಹಳದಿ ಷರ್ಟು ಹಾಕಿಕೊಂಡೆ. ಕನ್ನಡಿಯ ಮುಂದೆ ನಿಂತಾಗ ಸ್ವಲ್ಪ ಹೆಚ್ಚಾಯಿತು ಅನ್ನಿಸಿತು. ಆದರೂ ತೆಗೆಯಲಿಲ್ಲ.

ಟೀಚರ್ ಮನೆ ಮುಂದಿನ ಶೆಡ್ಡಿನಲ್ಲಿ ಕಾರು ನಿಂತಿತ್ತು. ವೈಪರ್‌ಗಳು ನೆಲದ ಮೇಲೆ. ಮುಂದಿನ ಗಾಜಿನ ಸುತ್ತಲಿನ ರಬ್ಬರು ಕಿತ್ತು ಬಂದು ಹಾವಿನ ಪೊರೆಯ ಹಾಗೆ ಬಾನೆಟ್ ಮೇಲೆ ಬಿದ್ದಿತ್ತು. ತೆರೆದ ಬಾಗಿಲಿನಿಂದ ಎರಡು ಕಾಲು ಮಾತ್ರ ಹೊರಗೆ ಕಾಣುತ್ತಿದ್ದವು.

"ಬಂದ್ರಾ? ಗೇಟ್ ಹಾಕಿ ಬನ್ನಿ," ಎಂದಿತು ಒಳಗಿನ ದನಿ.

ಆಮೇಲೆ ಟೀಚರ್ ಹೊರಗೆ ಬಂದರು. ಹಣೆಯ ಮೇಲೆ ಒಂದು ಗೆರೆ ಗ್ರೀಸು, ಹಲ್ಲಿನ ನಡುವೆ ಒಂದು ಸ್ಕ್ರೂ. ನನ್ನ ಕಾಲರ್ ನೋಡಿದರು, ಗುಂಡಿಗಳನ್ನು ಮೇಲಿನಿಂದ ಕೆಳಗೆ ಒಂದೊಂದಾಗಿ ನೋಡಿದರು, ಇಸ್ತ್ರಿಯ ಗೆರೆ ನೋಡಿದರು. ಬಾಯಿಂದ ಸ್ಕ್ರೂ ತೆಗೆದು ಕೇಳಿದರು: "ಎಲ್ಲಾದ್ರೂ ಫಂಕ್ಷನ್ ಇದೆಯಾ?"

"ಇಲ್ಲ."

"ಮತ್ತೆ ಇದೇನು?"

"ಒಗೆದಿದ್ದು ಇದೊಂದೇ ಇತ್ತು."

ನಂಬಿದರೋ ಇಲ್ಲವೋ, ಮನೆಯ ಕಡೆ ತಿರುಗಿ ಕೂಗಿದರು. "ಅಮ್ಮಾ, ಭಾವಂದು ಹಳೇ ಟೀ ಷರ್ಟ್ ಇದ್ರೆ ಒಂದು ಕೊಡು. ಇವರು ಮದುವೆ ಗಂಡಿನ ಹಾಗೆ ಬಂದಿದ್ದಾರೆ."

ನನ್ನ ಕಿವಿ ಬಿಸಿಯಾಯಿತು. ಟೀಚರ್ ಆಗಲೇ ತಿರುಗಿ ಸ್ಪಾನರ್ ಹುಡುಕುತ್ತಿದ್ದರು.

ಅವರ ಅಮ್ಮ ಟೀ ಷರ್ಟು ತಂದುಕೊಟ್ಟರು. ಅವರ ಬಾಯಿಯಲ್ಲಿದ್ದ ಸೆಟ್ ನಾನೇ ಮಾಡಿದ್ದು.

"ಹಲ್ಲು ಹೇಗಿದೆ ಅಮ್ಮಾ? ಎಲ್ಲೂ ಒತ್ತುತ್ತಿಲ್ಲ ತಾನೆ?"

"ಹಲ್ಲು ಚೆನ್ನಾಗೇ ಇದೆಯಪ್ಪಾ. ತೋರಿಸಿ ನಗೋಣ ಅಂದ್ರೆ ಈ ಮನೇಲಿ ಅಂಥದ್ದೇನೂ ನಡೆಯಲ್ಲ."

ಭಾವನ ಟೀ ಷರ್ಟಿನಲ್ಲಿ ನನ್ನಂಥವರು ಇಬ್ಬರು ಹಿಡಿಸುತ್ತಿದ್ದರು. ಅದನ್ನು ಹಾಕಿಕೊಂಡು ಬಂದಾಗ ಟೀಚರ್ ತುಟಿಯ ಒಂದು ಕೊನೆ ಮೇಲೆ ಹೋಗಿ ತಕ್ಷಣ ಕೆಳಗೆ ಬಂತು. ಇಡೀ ಬೆಳಿಗ್ಗೆಗೆ ನನಗೆ ಸಿಕ್ಕ ನಗು ಅಷ್ಟೇ.

ವಿಷಯ ಹೀಗಿತ್ತು. ಆ ಕಾರಿಗೆ ಇಪ್ಪತ್ತೆರಡು ವರ್ಷ. ಅದರ ಕಂಪನಿಯವರು ಆ ಮಾಡೆಲ್ ನಿಲ್ಲಿಸಿ ಹನ್ನೊಂದು ವರ್ಷವಾಗಿತ್ತು. ಮುಂದಿನ ಗಾಜಿನ ಕೆಳಗಿಂದ ನೀರು ಜಿನುಗಿ, ಕಲಿಯುವವರ ಕಾಲು ಒದ್ದೆಯಾಗುತ್ತಿತ್ತು. ಗಾಜು ಕೂರುವ ಚೌಕಟ್ಟಿಗೆ ತುಕ್ಕು ಹಿಡಿದಿದೆ, ಗಾಜು ತೆಗೆದುಕೊಟ್ಟರೆ ಸೋಮವಾರ ತೇಪೆ ಹಾಕುತ್ತೇನೆ, ಗಾಜು ತೆಗೆಯುವುದು ನನ್ನ ಕೆಲಸವಲ್ಲ ಎಂದಿದ್ದ ಟಿಂಕರಿಂಗ್‌ನವನು. ಬುಧವಾರ ಫಿಟ್‌ನೆಸ್ ತಪಾಸಣೆ. ಗಾಜಿನ ಅಂಗಡಿಯವರು ತೆಗೆಯುತ್ತೇವೆ, ಒಡೆದರೆ ನಮ್ಮನ್ನು ಕೇಳಬಾರದು ಎಂದಿದ್ದರು.

"ಅವರಿಗೇನು, ಒಡೆದ ಗಾಜು ಕಿತ್ತು ಹೊಸದು ಕೂರಿಸೋದೇ ಅಭ್ಯಾಸ," ಎಂದರು ಟೀಚರ್. "ಇದಕ್ಕೆ ಹೊಸದು ಎಲ್ಲಿಂದ ತರಲಿ? ಹನ್ನೊಂದು ಗುಜರಿ ಅಂಗಡಿಗೆ ಫೋನ್ ಮಾಡಿದ್ದೀನಿ. ಒಂದು ಕಡೆಯೂ ಇಲ್ಲ. ಈ ಗಾಜು ಹೋದ್ರೆ ಕಾರು ಹೋಯ್ತು. ಕಾರು ಹೋದ್ರೆ ಸ್ಕೂಲೂ ಹೋಯ್ತು."

"ಇನ್ನೊಂದು ಕಾರು..."

"ಇನ್ನೊಂದು ಕಾರಿಲ್ಲ." ಟೀಚರ್ ಸ್ಪಾನರ್ ಕೆಳಗಿಟ್ಟರು. "ಪಕ್ಕದ ಜಿಲ್ಲೆಯ ದೊಡ್ಡ ಡ್ರೈವಿಂಗ್ ಸ್ಕೂಲಿನವರು ಕರೀತಿದ್ದಾರೆ. ನಾಳೆ ಉತ್ತರ ಕೊಡಬೇಕು. ಅವರ ಕಾರು, ಅವರ ಬೋರ್ಡು, ಅವರ ಟೈಮು. ಇದು ಸರಿಹೋದ್ರೆ ಆಗಲ್ಲ ಅಂತೀನಿ. ಇಲ್ಲದಿದ್ರೆ ಹೊರಡೋದೇ."

ಇಲ್ಲಿಯವರೆಗೆ ಅದು ಬರೀ ಗಾಜಾಗಿತ್ತು.

"ನಿನ್ನೆ ಭಾವ ಬಂದಿದ್ರು. ಅಂಟು ಕೊಯ್ಯೋ ಮೂರು ತಂತಿ ತುಂಡಾಯ್ತು. ಬೆನ್ನು ನೋವು ಅಂತ ಹೊರಟುಹೋದ್ರು. ನಿಮ್ಮ ಕೈ ಅಲುಗಲ್ಲ, ಅಮ್ಮನ ಸೆಟ್ ಸರಿಮಾಡುವಾಗ ನೋಡಿದ್ದೀನಿ. ಅದಕ್ಕೇ ಕರೆದಿದ್ದು."

ಕರೆದದ್ದು ಕೈಗಳನ್ನು. ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡು ನಾನೂ ಅವುಗಳ ಹಿಂದೆ ಬಂದಿದ್ದೆ.

ಹಳೆಯ ಕಾಲದ ಕಾರುಗಳಲ್ಲಿ ಗಾಜು ಬರೀ ರಬ್ಬರಿನ ಹಿಡಿತದಲ್ಲಿರುತ್ತಿತ್ತಂತೆ. ಇದು ಹಾಗಲ್ಲ. ಗಾಜಿನ ಸುತ್ತಲೂ ಬೆರಳು ದಪ್ಪದ ಕಪ್ಪು ಅಂಟು. ಅದು ಒಣಗಿ ಗಟ್ಟಿಯಾಗಿ, ಗಾಜೂ ತಗಡೂ ಒಂದೇ ಆಗಿಬಿಟ್ಟಿರುತ್ತವೆ. ದಬ್ಬಳದಿಂದ ಅಂಟಿಗೆ ತೂತು ಮಾಡಿ, ಅದರಲ್ಲಿ ಸಪೂರ ಉಕ್ಕಿನ ತಂತಿ ತೂರಿಸಬೇಕು. ತಂತಿಯ ಒಂದು ತುದಿ ಕಾರಿನ ಒಳಗೆ, ಇನ್ನೊಂದು ಹೊರಗೆ, ಎರಡಕ್ಕೂ ಹಿಡಿಯಲು ಒಂದೊಂದು ಮರದ ತುಂಡು. ಮರ ಕೊಯ್ಯುವವರು ಗರಗಸ ಎಳೆಯುವಂತೆ ಒಬ್ಬರು ಎಳೆದಾಗ ಇನ್ನೊಬ್ಬರು ಸಡಿಲ ಬಿಡುತ್ತ ಸುತ್ತಲೂ ಕೊಯ್ಯುತ್ತ ಹೋಗಬೇಕು. ಟೀಚರ್ ಇದನ್ನೆಲ್ಲ ವೀಡಿಯೊ ನೋಡಿ ಕಲಿತಿದ್ದರು. ಬಣ್ಣ ಕೀಳದಂತೆ ಸುತ್ತ ಟೇಪು ಅಂಟಿಸಿದ್ದರು, ಡ್ಯಾಶ್‌ಬೋರ್ಡಿನ ಮೇಲೆ ರಟ್ಟು ಹಾಸಿದ್ದರು.

"ನೀವು ಒಳಗೆ, ನಾನು ಹೊರಗೆ. ನಾನು 'ಎಳೀರಿ' ಅಂದಾಗ ಎಳೀಬೇಕು, 'ಸಡಿಲ' ಅಂದಾಗ ಸಡಿಲ ಬಿಡಬೇಕು. ಅಷ್ಟೇ."

ಅಷ್ಟೇ ಎಂದು ಅವರು ಹೇಳಿದ ಯಾವುದೂ ನನಗೆ ಇದುವರೆಗೆ ಅಷ್ಟೇ ಆಗಿರಲಿಲ್ಲ.

ಬಾಗಿಲು ಹಾಕಿದರೆ ಒಳಗೆ ಏನೂ ಕೇಳಿಸುವುದಿಲ್ಲ. ತೆರೆದಿಟ್ಟರೆ ಶೆಡ್ಡಿನ ಗೋಡೆಗೆ ತಾಗಿ, ಹೊರಗೆ ನಿಲ್ಲಲು ಜಾಗ ಉಳಿಯುವುದಿಲ್ಲ. ಕಿಟಕಿ ಇಳಿಸೋಣವೆಂದರೆ ಅದರ ಹಿಡಿ ಮುರಿದು ವರ್ಷವಾಗಿತ್ತು. ಗಾಜಿನ ಆಚೆ ಟೀಚರ್ ಬಾಯಿ ಆಡುವುದು ಕಾಣುತ್ತಿತ್ತು. 'ಎಳೀರಿ' ಎಂದರೋ 'ಸಡಿಲ' ಎಂದರೋ ತಿಳಿಯದೆ ಊಹೆಯ ಮೇಲೆ ಎಳೆದೆ. ಅವರೂ ಎಳೆದರು. ತಂತಿ ಟಣ್ ಎಂದು ತುಂಡಾಗಿ ನನ್ನ ಮೂಗಿನ ಪಕ್ಕದಲ್ಲೇ ಹಾರಿತು.

ಎರಡನೇ ತಂತಿ ಒಂದು ಗೇಣು ಹೋಗುವಷ್ಟರಲ್ಲಿ ತುಂಡಾಯಿತು. ಮೂರನೆಯದು ಅದಕ್ಕೂ ಮೊದಲೇ.

ಟೀಚರ್ ಕೈಯಲ್ಲಿದ್ದ ಮರದ ತುಂಡನ್ನು ಅಂಗಳಕ್ಕೆ ಎಸೆದು ಬಾಗಿಲು ತೆರೆದರು. "ಕ್ಲಚ್ಚಲ್ಲೂ ಇದೇ ಕತೆ ನಿಮ್ಮದು. ಬಿಡಬೇಕಾದಾಗ ಒತ್ತುತ್ತೀರಿ, ಒತ್ತಬೇಕಾದಾಗ ಬಿಡ್ತೀರಿ."

"ತಂತಿ ತುಂಡಾಗ್ತಿರೋದು ಅದಕ್ಕಲ್ಲ."

"ಮತ್ತೆ ಯಾಕೆ?"

ತುಂಡಾದ ತುದಿಯನ್ನು ಬೆಳಕಿಗೆ ಹಿಡಿದು ನೋಡಿದೆ. ಒಂದೇ ಪಕ್ಕ ಸವೆದು ಹೊಳೆಯುತ್ತಿತ್ತು. "ಇದು ಅಂಟು ಕೊಯ್ತಿಲ್ಲ, ತಗಡಿಗೆ ಉಜ್ಜಿಕೊಳ್ತಿದೆ. ಗಾಜಿನ ಮೈಗೇ ಒರಗಿಸಿಕೊಂಡು ಎಳೀಬೇಕು. ಎಳೆತ ಚಿಕ್ಕದಾಗಿರಬೇಕು. ಬಿಸಿಯಾಗದ ಹಾಗೆ ಸೋಪು ನೀರು ಹಾಕ್ತಿರಬೇಕು. ಹಳೇ ಕ್ಯಾಪ್ ಬಿಡಿಸುವಾಗಲೂ ಹಾಗೇ. ಬಲ ಹಾಕಿದ್ರೆ ಹಲ್ಲೇ ಮುರಿಯುತ್ತೆ."

"ಇವತ್ತು ನೀವು ಟೀಚರಾ?"

"ಹಾಗಲ್ಲ..."

"ಹೇಳಿ ಹೇಳಿ. ಹದಿನಾಲ್ಕು ತಿಂಗಳು ನಾನು ಹೇಳಿದ್ದು ನೀವು ಕೇಳಲಿಲ್ಲ. ನಾನಾದ್ರೂ ಕೇಳ್ತೀನಿ."

ಒಳಗೆ ಹೋಗಿ ಒಂದು ಚೊಂಬು ಸೋಪು ನೀರು ತಂದರು. ನಡಿಗೆಯಲ್ಲೇ ಸಿಟ್ಟಿತ್ತು, ದಾರಿಯುದ್ದಕ್ಕೂ ನೊರೆ ಚೆಲ್ಲಿತು.

ಮತ್ತೆ ಶುರುವಾಯಿತು. ಈ ಸಲ ತಂತಿ ತುಂಡಾಗಲಿಲ್ಲ. ಇಬ್ಬರ ಎಳೆತ ಮಾತ್ರ ಕೂಡಿಬರಲಿಲ್ಲ. ಟೀಚರ್ ಗಾಜನ್ನು ಬೆರಳಿನಿಂದ ತಟ್ಟಿ, ಬಾಗಿಲ ಸಂದಿಗೆ ಬಾಯಿಟ್ಟು ಕೇಳಿದರು: "ಎಲ್ಲಿ ನೋಡ್ತಿದ್ದೀರಿ?"

"ನಿಮ್ಮನ್ನೇ."

"ತಂತಿ ನೋಡಿ."

"ತಂತಿ ನೋಡಿದ್ರೆ ನೀವು ಯಾವಾಗ ಎಳೀತೀರಿ ಅಂತ ಗೊತ್ತಾಗಲ್ಲ. ಮುಖ ನೋಡಿದ್ರೆ ಗೊತ್ತಾಗುತ್ತೆ. ಎಳೆಯೋಕೆ ಮುಂಚೆ ಕೆಳತುಟಿ ಕಚ್ಚಿಕೊಳ್ತೀರಿ."

ಟೀಚರ್ ಹೋಗಿ ತಮ್ಮ ತುದಿ ಹಿಡಿದು ನಿಂತರು. ಕೆಳತುಟಿ ಕಚ್ಚಿಕೊಳ್ಳದಿರಲು ಪ್ರಯತ್ನಪಟ್ಟರು. ಆಗಲಿಲ್ಲ. ಕಚ್ಚಿದರು, ನಾನು ಸಡಿಲ ಬಿಟ್ಟೆ. ತುಟಿ ಬಿಟ್ಟರು, ನಾನು ಎಳೆದೆ. ಸೋಪಿನ ನೊರೆ ಗಾಜಿನ ಮೇಲೆ ಇಳಿಯುತ್ತಿತ್ತು. ಅದರ ಹಿಂದೆ ಅವರ ಮುಖ ಒಂದು ಸಲ ಅಳಿಸಿಹೋಗಿ ಒಂದು ಸಲ ತಿಳಿಯಾಗುತ್ತಿತ್ತು. ಕಪ್ಪು ಅಂಟು ಕರ್ರ್ ಎಂದು ಸೀಳುತ್ತ ಹೋಯಿತು. ಮೇಲಿನ ಅಂಚು ಪೂರ್ತಿಯಾದಾಗ ಟೀಚರ್ ನನ್ನ ಕಡೆ ಹೆಬ್ಬೆರಳು ಎತ್ತಿದರು. ಹದಿನಾಲ್ಕು ತಿಂಗಳಲ್ಲಿ ಮೊದಲ ಸಲ.

ಆ ಖುಷಿ ಹೆಚ್ಚು ಹೊತ್ತು ಉಳಿಯಲಿಲ್ಲ. ಟೀಚರ್ ಫೋನು ರಿಂಗಾಯಿತು. ಕೈಯೆಲ್ಲ ಸೋಪಾಗಿದ್ದರಿಂದ ಸ್ಪೀಕರ್ ಒತ್ತಿ ಬಾನೆಟ್ ಮೇಲಿಟ್ಟರು. ನೀರು ಕುಡಿಯಲೆಂದು ನಾನೂ ಹೊರಗೆ ಬಂದಿದ್ದೆ. ಅವರ ಅಕ್ಕನ ದನಿ ಶೆಡ್ಡಿಗೆಲ್ಲ ಕೇಳಿಸಿತು.

"ಯಾರನ್ನೇ ಕರ್ಕೊಂಡೆ ಸಹಾಯಕ್ಕೆ? ಆ ಫೇಲ್ ಸಾರನ್ನಾ? ಬೇಕಂತ್ಲೇ ಫೇಲಾಗ್ತಾರೆ ಅಂತ ಬೀದಿಗೆಲ್ಲ ಗೊತ್ತು ಕಣೆ, ನಿನಗೊಬ್ಬಳಿಗೆ ಗೊತ್ತಿಲ್ಲ. ಪಾಸಾದ್ರೆ ನಿನ್ನ ಪಕ್ಕ ಕೂರೋದು ತಪ್ಪುತ್ತಲ್ಲ..."

ಟೀಚರ್ ಮೊಣಕೈಯಿಂದ ಫೋನು ಆಫ್ ಮಾಡಿದರು. ನಾನು ಲೋಟದಲ್ಲಿದ್ದ ನೀರನ್ನೇ ನೋಡುತ್ತ ನಿಂತೆ.

"ನಿಜಾನಾ?"

"ಅಲ್ಲ."

"ನನ್ನ ಹತ್ರ ಕಲಿತವರು ಎರಡನೇ ಸಲಕ್ಕೆ ಫೇಲಾಗಿದ್ದೇ ಅಪರೂಪ. ನೀವು ನಾಲ್ಕು ಸಲ ಆದಿರಿ. ಟೆಸ್ಟ್ ತಗೊಳ್ಳೋ ಇನ್‌ಸ್ಪೆಕ್ಟರು ನನ್ನ ನೋಡಿ ನಗ್ತಾರೆ. ನಾನು ಹೇಳಿಕೊಡೋದ್ರಲ್ಲೇ ಏನೋ ತಪ್ಪಿದೆ ಅಂತ ರಾತ್ರಿ ನಿದ್ದೆ ಬಿಟ್ಟು ಯೋಚನೆ ಮಾಡಿದ್ದೀನಿ. ಬೇಕಂತ ಮಾಡಿದ್ರೆ ಅದು ತಮಾಷೆ ಅಲ್ಲ, ಮೋಸ."

"ಬೇಕಂತ ಮಾಡಿಲ್ಲ ಟೀಚರ್. ನನಗೆ ನಿಜವಾಗ್ಲೂ ಬರಲ್ಲ."

"ಕೂದಲೆಳೆ ವ್ಯತ್ಯಾಸ ಗೊತ್ತಾಗೋ ಕೈಗೆ ಗೇರ್ ಬರಲ್ವಾ?"

ನಿಜ ಹೇಳಿದರೂ ಸುಳ್ಳಿನಂತೆ ಕೇಳಿಸುವ ಪರಿಸ್ಥಿತಿ ಅದು. ಟೀಚರ್ ತಂತಿಯ ತುದಿ ಎತ್ತಿಕೊಂಡರು. ನಾನು ಕಾರಿನೊಳಗೆ ಹೋಗಿ ಬಾಗಿಲು ಎಳೆದುಕೊಂಡೆ.

ಎರಡು ಪಕ್ಕದ ಅಂಚುಗಳನ್ನು ನಾವು ಮಾತಿಲ್ಲದೆ ಕೊಯ್ದೆವು. ಟೀಚರ್ ನನ್ನ ಕಣ್ಣು ತಪ್ಪಿಸಿ ಶೆಡ್ಡಿನ ಸೂರು ನೋಡುತ್ತ ಎಳೆಯುತ್ತಿದ್ದರು. ಹಾಗಾಗಿ ಎಳೆತ ಮತ್ತೆ ತಪ್ಪುತ್ತಿತ್ತು, ತಂತಿ ಸಿಕ್ಕಿಕೊಳ್ಳುತ್ತಿತ್ತು, ಬಿಡಿಸಿಕೊಂಡು ಮತ್ತೆ ಮೊದಲಿನಿಂದ. ಒಳಗೆ ಒಲೆಯ ಮುಂದೆ ಕೂತಂತೆ ಸೆಖೆ. ಭಾವನ ಟೀ ಷರ್ಟು ಬೆನ್ನಿಗೆ ಅಂಟಿಕೊಂಡಿತ್ತು. ನನಗೆ ಯಾರ ಮೇಲೆ ಸಿಟ್ಟು ಎಂದೇ ಗೊತ್ತಾಗುತ್ತಿರಲಿಲ್ಲ.

"ಪಾಸಾದ ದಿನ ಹೇಳ್ಬೇಕು ಅಂತಿದ್ದೆ," ಎಂದೆ ಗಾಜಿಗೆ. "ಅದಕ್ಕೇ ಪ್ರತಿ ಸಲ ಫೇಲಾಗೋದು. ಇವತ್ತು ಪಾಸಾದ್ರೆ ಸಂಜೆ ಹೇಳ್ಬೇಕಲ್ಲ ಅನ್ನೋದು ತಲೆಗೆ ಬಂದ್ರೆ ಮುಗೀತು, ಯಾವ ಕಾಲ ಕೆಳಗೆ ಯಾವ ಪೆಡಲ್ ಇದೆ ಅನ್ನೋದೇ ಮರೆತುಹೋಗುತ್ತೆ."

ಟೀಚರ್ ಬಾಗಿಲು ಒಂದಿಷ್ಟು ತೆರೆದು, "ಏನು?" ಎಂದರು.

"ಏನಿಲ್ಲ."

"ಎಳೀರಿ ಮತ್ತೆ."

ಕೆಳಗಿನ ಅಂಚು ಎಲ್ಲಕ್ಕಿಂತ ಹಟಮಾರಿ. ಅಲ್ಲಿ ಅಂಟು ಎರಡು ಪಟ್ಟು ದಪ್ಪ. ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಒಂದೇ ಒಂದು ಮೂಲೆ, ನಾಲ್ಕು ಬೆರಳಿನಷ್ಟು, ಉಳಿದಿತ್ತು. ತಂತಿ ಅಲ್ಲಿಗೆ ಹೋಗಿ ನಿಂತುಬಿಟ್ಟಿತು. ಹಿಂದೆಯೂ ಬರಲಿಲ್ಲ, ಮುಂದೆಯೂ ಹೋಗಲಿಲ್ಲ. ಮೂರು ಸಲ ಎಳೆದ ಮೇಲೆ ಟೀಚರ್ ತಂತಿ ಬಿಟ್ಟು, ಡಬ್ಬಿಯಿಂದ ಮೊಣಕೈಯುದ್ದದ ಸ್ಕ್ರೂಡ್ರೈವರ್ ತೆಗೆದು ಗಾಜಿನ ಅಂಚಿಗೆ ಒತ್ತಿದರು.

ಕಾರಿನಿಂದ ಹೇಗೆ ಹೊರಗೆ ಬಂದೆನೋ ಗೊತ್ತಿಲ್ಲ. ಅವರ ಮಣಿಕಟ್ಟು ಹಿಡಿದುಕೊಂಡಿದ್ದೆ.

"ಬೇಡ ಟೀಚರ್. ಅಂಚಿಗೆ ಕಬ್ಬಿಣ ತಾಗಿದ್ರೆ ಗಾಜು ಈ ಕೊನೆಯಿಂದ ಆ ಕೊನೆಗೆ ಸೀಳುತ್ತೆ."

"ಸೀಳಲಿ. ಸಾಕಾಗಿದೆ ನನಗೆ."

"ನಾಲ್ಕು ಬೆರಳು ಉಳಿದಿದೆ."

"ನಾಲ್ಕು ಬೆರಳು, ನಾಲ್ಕು ಟೆಸ್ಟು," ಎಂದರು ಟೀಚರ್. ನನ್ನ ಕೈಯನ್ನು ನೋಡಿದರು. ನಾನು ತೆಗೆದೆ. ಸ್ಕ್ರೂಡ್ರೈವರನ್ನು ಅವರೇ ಡಬ್ಬಿಗೆ ಹಾಕಿದರು.

ಸಿಕ್ಕಿಕೊಂಡಿದ್ದ ತಂತಿ ಕತ್ತರಿಸಿ, ಹೊಸದಾಗಿ ಮೊಣಕೈಯುದ್ದದ ತುಂಡೊಂದನ್ನು ತೂರಿಸಿದೆ. ಈ ಸಲ ಇಬ್ಬರೂ ಹೊರಗೇ, ಬಾನೆಟ್ಟಿನ ಮೇಲೆ ಎದುರುಬದುರು ಮಂಡಿಯೂರಿ, ತಲೆಗೆ ತಲೆ ತಾಗುವಷ್ಟು ಹತ್ತಿರ ಕೂತು ಕೊಯ್ದೆವು. ಅವರ ಉಸಿರಿನಲ್ಲಿ ಏಲಕ್ಕಿಯ ವಾಸನೆಯಿತ್ತು. ನಾಲ್ಕು ಬೆರಳಿನಷ್ಟು ಅಂಟಿಗೆ ಕಾಲು ಗಂಟೆ ಹಿಡಿಯಿತು. ಟಪ್ ಎಂದು ಸದ್ದಾಯಿತು.

ಟೀಚರ್ ಕಣ್ಣು ಮುಚ್ಚಿಕೊಂಡಿದ್ದರು. "ನೋಡಿ. ನಾನು ನೋಡಲ್ಲ."

ನೋಡಿದೆ. ಸೀಳಿದ್ದು ಗಾಜಲ್ಲ, ಕೊನೆಯ ಅಂಟು.

ಗಾಜಿನ ಅಂಗಡಿಯಿಂದ ಎರವಲು ತಂದಿದ್ದ ರಬ್ಬರ್ ಹಿಡಿಗಳನ್ನು ಒತ್ತಿ ಕೂರಿಸಿ, ಅವರು ಒಂದು ಕಡೆ, ನಾನೊಂದು ಕಡೆ, ಗಾಜು ತಿರುಚದಂತೆ ಎತ್ತಿದೆವು. ಅಮ್ಮ ವರಾಂಡದಲ್ಲಿ ಹಾಸಿಗೆ ಹಾಸಿದ್ದರು. ಅದರ ಮೇಲೆ ಮಗುವನ್ನು ಮಲಗಿಸುವಂತೆ ಗಾಜನ್ನು ಮಲಗಿಸಿದೆವು. ಒಂದು ಗೀರೂ ಇರಲಿಲ್ಲ.

ಟೀಚರ್ ನಕ್ಕರು. ಬಾಯಿ ತುಂಬ ನಕ್ಕರು. ಗ್ರೀಸಿನ ಕೈಯನ್ನು ನನ್ನ ತೋಳಿನ ಮೇಲಿಟ್ಟು, ತೆಗೆಯುವುದನ್ನು ಮರೆತು, "ಬಂತು ಕಣ್ರೀ," ಎಂದರು. "ಪೂರ್ತಿ ಬಂತು."

ಕತೆ ಅಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಅರ್ಧ ಗಂಟೆಗೆಲ್ಲ ಟಿಂಕರಿಂಗ್‌ನವನು ನೋಡಲು ಬಂದ. ಗಾಜನ್ನು ನೋಡಿ, "ಪರವಾಗಿಲ್ವೇ," ಎಂದ. ಆಮೇಲೆ ಕಾರಿನ ಹತ್ತಿರ ಹೋಗಿ ಗಾಜು ಕೂತಿದ್ದ ಚೌಕಟ್ಟಿನ ಮೇಲೆ ಹೆಬ್ಬೆರಳು ಒತ್ತಿದ. ಬೆರಳು ಒಳಗೆ ಹೋಯಿತು. ಇನ್ನೊಂದು ಕಡೆ ಒತ್ತಿದ. ಅಲ್ಲೂ ಹೋಯಿತು. ಕಂದು ಪುಡಿ ಉದುರಿತು.

"ಟೀಚರೇ, ಇಲ್ಲಿ ತಗಡೇ ಇಲ್ಲ. ಬರೀ ಬಣ್ಣ ನಿಂತಿದೆ. ತೇಪೆ ಹಾಕೋದಕ್ಕೂ ಹಿಡ್ಕೊಳ್ಳೋಕೆ ಏನಾದ್ರೂ ಬೇಕಲ್ಲ. ಇಷ್ಟು ದಿನ ಆ ಗಾಜೇ ಇದನ್ನ ಹಿಡ್ಕೊಂಡಿತ್ತು."

"ಬೇರೆ ದಾರಿ?"

ಅವನು ಇಲ್ಲವೆಂದು ತಲೆಯಾಡಿಸಿದ. ಹೋಗುವಾಗ ಗೇಟಿನ ಹತ್ತಿರ ನಿಂತು, "ದನದ ಡಾಕ್ಟರೊಬ್ಬರ ಹತ್ರ ಇದೇ ಕಾರಿದೆ. ಎರಡು ತಿಂಗಳಿಂದ ಪ್ಲಾಸ್ಟಿಕ್ ಕಟ್ಟಿಕೊಂಡು ಓಡಾಡ್ತಿದ್ದಾರೆ ಪಾಪ, ಗಾಜು ಸಿಗ್ದೆ. ಅವರಿಗೆ ಹೇಳ್ಲಾ?" ಎಂದ. ಟೀಚರ್ ಹೂಂ ಎಂದರೋ ಇಲ್ಲವೋ, ಅವನು ಹೊರಟ.

ಟೀಚರ್ ಹೋಗಿ ಕಾರಿನಲ್ಲಿ ತಮ್ಮ ಸೀಟಿನಲ್ಲಿ ಕೂತರು. ನಾನು ಸ್ವಲ್ಪ ಹೊತ್ತು ನಿಂತಿದ್ದು, ಆಮೇಲೆ ನನ್ನ ಸೀಟಿನಲ್ಲಿ ಕೂತೆ. ಮುಂದೆ ಗಾಜಿಲ್ಲ. ಅಂಗಳದ ಗಾಳಿ ನೇರವಾಗಿ ಮುಖಕ್ಕೆ ಬಡಿಯುತ್ತಿತ್ತು. ಟೀಚರ್ ಅಳಲಿಲ್ಲ. ತಮ್ಮ ಕಡೆಯ ಬ್ರೇಕಿನ ಮೇಲೆ ಕಾಲಿಟ್ಟು ಸುಮ್ಮನೆ ಒತ್ತಿದರು, ಬಿಟ್ಟರು, ಒತ್ತಿದರು.

"ಐದೂವರೆ ಗಂಟೆ," ಎಂದರು. "ಒಂದು ಗೀರು ಬೀಳದ ಹಾಗೆ ತೆಗೆದ್ವಿ. ಏನು ಉಪಯೋಗ?"

ವರಾಂಡದಿಂದ ನಮ್ಮನ್ನು ನೋಡುತ್ತಿದ್ದ ಅಮ್ಮ, ಏನೋ ನೆನಪಾದವರಂತೆ ಒಳಗೆ ಹೋದರು.

"ಈ ಕಾರಲ್ಲಿ ಇನ್ನು ಯಾರಿಗೂ ಪಾಠ ಇಲ್ಲ, ಅಲ್ವಾ?" ಎಂದೆ.

"ಗಾಯಕ್ಕೆ ಉಪ್ಪು ಹಾಕ್ತೀರಾ?"

"ಅದಕ್ಕಲ್ಲ. ನಾನು ನಿಮ್ಮ ಸ್ಟೂಡೆಂಟಾ, ಅಲ್ವಾ ಅಂತ ಗೊತ್ತಾಗ್ಬೇಕಿತ್ತು."

"ಅಲ್ಲ. ಇವತ್ತಿಗೆ ಮುಗೀತು."

"ಹಾಗಾದ್ರೆ ನಿಮ್ಮ ಕಡೆ ಬಾಗಿಲು ತೆಗೆದಿಡಿ."

"ಯಾಕೆ?"

"ಎದ್ದು ಹೋಗ್ಬೇಕು ಅನ್ನಿಸಿದ್ರೆ ಹೋಗೋಕೆ."

ಟೀಚರ್ ನನ್ನ ಕಡೆ ತಿರುಗಿದರು. ಕಣ್ಣು ಸಣ್ಣ ಮಾಡಿ ನೋಡುತ್ತಲೇ ಕೈ ಹಿಂದೆ ಚಾಚಿ ಬಾಗಿಲು ತೆರೆದರು. ಅದು ಗೋಡೆಗೆ ತಾಗಿ ಕಿರ್ರ್ ಎಂದಿತು.

ನಾನು ಹೇಳಿದೆ. ಸುಂದರವಾಗೇನೂ ಬರಲಿಲ್ಲ. ಮೊದಲ ತಿಂಗಳಲ್ಲೇ ನಿಮ್ಮ ಮೇಲೆ ಮನಸ್ಸಾಯಿತು ಎಂದೆ. ಪಾಠದ ಕಾರಿನಲ್ಲಿ ಹೇಳುವುದು ತಪ್ಪು ಅಂತ ಪಾಸಾಗುವವರೆಗೆ ಕಾಯೋಣ ಅಂದುಕೊಂಡೆ ಎಂದೆ. ಪ್ರತಿ ಸಲ ಮನಃಪೂರ್ವಕವಾಗಿ ಪಾಸಾಗಲೆಂದೇ ಹೋದೆ, ಪ್ರತಿ ಸಲ ಪ್ರಾಮಾಣಿಕವಾಗಿ ಫೇಲಾದೆ, ಅದರಲ್ಲಿ ಮೋಸ ಮಾತ್ರ ಇಲ್ಲ ಎಂದೆ.

ಟೀಚರ್ ಎದ್ದು ಹೋಗಲಿಲ್ಲ. ಮುಂದಿನ ಖಾಲಿಯನ್ನೇ ನೋಡುತ್ತ ಕೇಳಿದರು:

"ಐದನೇ ಸಲವೂ ಫೇಲಾಗಿದ್ರೆ?"

"ಆರನೇ ಸಲ ಕೊಡ್ತಿದ್ದೆ."

"ಆಮೇಲೆ ಏಳನೇ ಸಲ. ಅಷ್ಟು ಹೊತ್ತಿಗೆ ನಾನೂ ನಿಮ್ಮ ಹತ್ರ ಒಂದು ಸೆಟ್ ಮಾಡಿಸಿಕೊಳ್ಳಬೇಕಿತ್ತು, ಅಮ್ಮನ ಹಾಗೆ." ಈಗ ನಿಜವಾಗಿ ಸಿಟ್ಟು ಬಂದಿತ್ತು ಅವರಿಗೆ. "ನಿಮಗೆ ಮುಂಜಾನೆ ಆರರ ಟೈಮ್ ಯಾಕೆ ಕೊಟ್ಟೆ ಅಂತ ಒಂದು ಸಲನಾದ್ರೂ ಯೋಚನೆ ಮಾಡಿದ್ರಾ? ಆರಕ್ಕೆ ನಾನು ಬೇರೆ ಯಾರಿಗೂ ಕ್ಲಾಸ್ ತಗೊಳ್ಳಲ್ಲ. ಪ್ರತಿ ಸಲ ನೀವು ಫೇಲಾದಾಗ ನಿಮ್ಮನ್ನ ಬೈಯೋದು, ಆಮೇಲೆ ಒಳಗೆ ಹೋಗಿ, ಸದ್ಯ ಇನ್ನೊಂದು ತಿಂಗಳು ಬರ್ತಾರೆ ಅಂದ್ಕೊಳ್ಳೋದು. ನಾಚಿಕೆ ಆಗ್ತಿತ್ತು ನನಗೆ. ಎಂಥ ಟೀಚರ್ ನಾನು ಅಂತ."

ನಾನು ಏನೋ ಹೇಳಲು ಬಾಯಿ ತೆರೆದೆ. ಆಗಲೇ ಫೋನು ರಿಂಗಾಯಿತು. ದನದ ಡಾಕ್ಟರು. ಗಾಜು ನಿಜವಾಗಿಯೂ ಪೂರ್ತಿ ಇದೆಯಾ ಎಂದು ಮೂರು ಸಲ ಕೇಳಿದರು. ಈಗಲೇ ಟೆಂಪೊ ಕಳಿಸುತ್ತೇನೆ, ದಯವಿಟ್ಟು ಯಾರಾದರೂ ಗಾಜು ಹಿಡಿದುಕೊಂಡು ಬನ್ನಿ ಎಂದರು.

ನಾಲ್ಕು ಗಂಟೆಯ ಬಿಸಿಲಿನಲ್ಲಿ ನಾವು ಟೆಂಪೊದ ಹಿಂದೆ ಕೂತಿದ್ದೆವು. ನಡುವೆ ಹಾಸಿಗೆ, ಹಾಸಿಗೆಯ ಮೇಲೆ ನಿಲ್ಲಿಸಿದ ಗಾಜು. ಅವರು ಆಚೆ, ನಾನು ಈಚೆ, ಇಬ್ಬರ ಎರಡೂ ಕೈ ಗಾಜಿನ ಅಂಚಿನ ಮೇಲೆ. ಗಾಳಿಗೆ ಅವರ ಕೂದಲು ಹಾರಿ ಬಾಯಿಗೆ ಬರುತ್ತಿತ್ತು. ತೆಗೆದುಕೊಳ್ಳಲು ಕೈ ಇರಲಿಲ್ಲ.

"ನಾಳೆ ಅವರಿಗೆ ಬರ್ತೀನಿ ಅಂತ ಹೇಳ್ತೀನಿ," ಎಂದರು ಟೀಚರ್. "ಆ ಸ್ಕೂಲಿನವರಿಗೆ."

ಗೊತ್ತಿದ್ದದ್ದೇ. "ಹೂಂ," ಎಂದೆ.

"ವಾರಕ್ಕೊಂದು ರಜೆ ಇರುತ್ತೆ."

"ಬಸ್ಸಿಗೆ ಒಂದೂಕಾಲು ಗಂಟೆ. ಬೆಳಿಗ್ಗೆ ಏಳಕ್ಕೊಂದು, ಎಂಟಕ್ಕೊಂದು ಇದೆ."

"ಯಾವಾಗ ನೋಡಿದ್ರಿ?"

"ನೀವು ಬೆಳಿಗ್ಗೆ ಆ ಸ್ಕೂಲಿನ ವಿಷಯ ಹೇಳಿದ್ರಲ್ಲ, ಆಮೇಲೆ. ನೀರು ಕುಡಿಯುವಾಗ ಫೋನಲ್ಲಿ ನೋಡಿದೆ."

ಟೀಚರ್ ಮುಖ ಬೇರೆ ಕಡೆ ತಿರುಗಿಸಿದರು. ಆದರೆ ಗಾಜಿನಲ್ಲಿ ಅವರ ಕೆನ್ನೆ ಕಾಣುತ್ತಿತ್ತು, ಅದು ನಗುತ್ತಿತ್ತು.

ಟೆಂಪೊದವನಿಗೆ ಹಿಂದೆ ಏನಿದೆ ಎಂಬ ಚಿಂತೆ ಇರಲಿಲ್ಲ. ರಸ್ತೆಯ ಉಬ್ಬೊಂದನ್ನು ಹಾರಿಸಿಯೇ ದಾಟಿದ. ಗಾಜು ಹಾಸಿಗೆಯಿಂದ ಎರಡು ಬೆರಳು ಮೇಲೆ ಹಾರಿತು. ಇಬ್ಬರೂ ಬಾಗಿ ಹಿಡಿದೆವು. ಅವರ ಬೆರಳುಗಳು ನನ್ನ ಬೆರಳುಗಳ ಮೇಲೆ ಬಿದ್ದವು, ಅಲ್ಲೇ ಉಳಿದವು.

"ಕೈ ಬಿಡಬೇಡಿ," ಎಂದರು ಟೀಚರ್.

"ಉಬ್ಬು ದಾಟಿತಲ್ಲ. ಮುಂದೆ ರಸ್ತೆ ಸಮ ಇದೆ."

"ಗೊತ್ತು."

ನನಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಗಾಜಿನ ಮೂಲಕ ಅವರನ್ನು ನೋಡಿದೆ. ಅವರೂ ನೋಡುತ್ತಿದ್ದರು.

"ಬಿಡಲ್ಲ," ಎಂದೆ.